ಯಾರ ಕೈ, ಅವರ ಹಿಡಿಕಿ

ಅಕ್ಕಾರು ಯಾರನ್ನು ಕಂಡರೂ ಮೊದಲು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಲಗ್ನಪತ್ರಿಕೆ ಮಾಡಿಸಲು ಬಂದ ಬೀಗರಿರಲಿ, ಹ್ಯಾಂಡ್‌ಬಿಲ್ಲು ಹೊಡೆಸಲು ಬಂದ ನಾಟಕ ಕಂಪನಿಯ ಮ್ಯಾನೇಜರನಿರಲಿ, ಅವರ ಕಣ್ಣು ನೆಟ್ಟಗೆ ಬೆರಳುಗಳಿಗೆ ಹೋಗುತ್ತಿತ್ತು. ಎದುರಿನವರು ಮುಜುಗರಪಟ್ಟು ಕೈ ಹಿಂದಕ್ಕೆ ಮಾಡಿಕೊಂಡರೆ, "ಯಾಕ ಮುಚ್ಚಿಡಾಕತ್ತೀರಿ? ಒಂದು ಕಮ್ಮಿ ಐತೇನು?" ಎಂದು ಕೇಳಿಯೇ ಬಿಡುತ್ತಿದ್ದರು. ಇಂಥ ಬಾಯಿ ಇಟ್ಟುಕೊಂಡು ಸಿಂದಗಿಯ ಪೇಟೆಯಲ್ಲಿ ಅವರು ಅಷ್ಟು ವರ್ಷ ಪ್ರೆಸ್ ಹೇಗೆ ನಡೆಸಿದರೋ ದೇವರೇ ಬಲ್ಲ.

ಹೋದ ತಿಂಗಳು ಅಕ್ಕಾರು ತೀರಿಕೊಂಡರು. ಬಸವನ ಬಾಗೇವಾಡಿಯ ನನ್ನ ಅಂಗಡಿಗೆ ಫೋನು ಬಂತು. ಫೋನು ಕೆಳಗಿಟ್ಟು ನಾನು ಮಾಡಿದ ಮೊದಲ ಕೆಲಸ ನನ್ನ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡದ್ದು. ಎಲ್ಲ ಬೆರಳೂ ಇದ್ದವು. ಅಳು ಬಂದದ್ದು ಆಮೇಲೆ. ಹೆಂಡತಿ ಒಳಗಿನಿಂದ ಓಡಿ ಬಂದು, "ಏನಾತ್ರಿ?" ಅಂದಳು. ಏನು ಹೇಳಲಿ? ನನ್ನ ಬೆರಳು ಉಳಿಸಿದಾಕೆ ಹೋದಳು ಅಂದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ತಮ್ಮ ಪ್ರೆಸ್ಸಿನ ಬೋರ್ಡಿನ ಮೇಲೇ ಅವರು ಹೆಸರು ಹಾಕಿಸಿಕೊಂಡಿರಲಿಲ್ಲ. ಊರಿಗೆಲ್ಲ ಅವರು ಪ್ರೆಸ್ಸಿನ ಅಕ್ಕಾರು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕಾರು ಎನ್ನುತ್ತಾರೆ. ಇವರು ಕಲಿಸಿದ್ದು ಒಂದೇ ಪಾಠ, ಅದೂ ಬೈದು ಬೈದು.

ನಾನು ಇಂಗಳೇಶ್ವರದವನು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಹೊಸದಾಗಿ ಮದುವೆಯಾಗಿ ಕೆಲಸ ಹುಡುಕುತ್ತ ಸಿಂದಗಿಗೆ ಹೋದೆ. ಅಕ್ಕಾರು ಮನೆಯ ಮುಂದಿನ ಕೋಣೆಯಲ್ಲಿ ಟ್ರೆಡಲ್ ಮಷಿನ್ನಿನ ಹತ್ತಿರ ನಿಂತಿದ್ದರು. ಕಚ್ಚೆ ಹಾಕಿದ ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಮೊಣಕೈವರೆಗೆ ಮಸಿ. "ಕೈ ತೋರ್ಸು" ಅಂದರು. ಭವಿಷ್ಯ ಹೇಳುತ್ತಾರೇನೋ ಎಂದು ಅಂಗೈ ಮುಂದೆ ಮಾಡಿದೆ. ಅವರು ಹೊರಳಿಸಿ ನೋಡಿ, "ಎಲ್ಲಾ ಅದಾವು. ನಾಳಿಂದ ಬಾ. ಇಲ್ಲಿಂದ ಹೋಗೂಮುಂದನೂ ಎಲ್ಲಾ ಇರಬೇಕು. ಕಮ್ಮಿ ಆದ್ರ ನಿನ್ನ ಹೇಣ್ತಿಗೆ ಜವಾಬ ಕೊಡಾಕಿ ನಾ ಅಲ್ಲ" ಎಂದರು.

ಟ್ರೆಡಲ್ ಮಷಿನ್ ಈಗಿನವರಿಗೆ ಗೊತ್ತಿಲ್ಲ. ಎರಡು ಕಬ್ಬಿಣದ ಹಲಗೆ ಅದರಲ್ಲಿ. ಒಂದರ ಮೇಲೆ ಅಚ್ಚುಮೊಳೆ, ಇನ್ನೊಂದರ ಮೇಲೆ ಕಾಗದ. ಎರಡೂ ಬಾಯಿ ತೆರೆದು ಬಾಯಿ ಮುಚ್ಚುತ್ತವೆ. ಬಾಯಿ ತೆರೆದಾಗ ಬಲಗೈಯಿಂದ ಹೊಸ ಹಾಳೆ ಒಳಗಿಡಬೇಕು, ಎಡಗೈಯಿಂದ ಅಚ್ಚಾದ ಹಾಳೆ ತೆಗೆಯಬೇಕು, ಮುಚ್ಚುವುದರೊಳಗೆ ಎರಡೂ ಕೈ ಹೊರಗಿರಬೇಕು. ಇದಕ್ಕೆ ಹಾಳಿ ಹಚ್ಚುವುದು ಎನ್ನುತ್ತಿದ್ದೆವು. ಕಾಲಿನಿಂದ ತುಳಿಯುತ್ತಿದ್ದ ಕಾಲದಲ್ಲಿ ಭಯವಿರಲಿಲ್ಲ, ಕಾಲು ನಿಂತರೆ ಮಷಿನ್ನೂ ನಿಲ್ಲುತ್ತಿತ್ತು. ಮೋಟಾರು ಬಂದ ಮೇಲೆ ಸುರುವಾಯಿತು ನೋಡಿ. ಮೋಟಾರಿಗೆ ಬೆರಳೂ ಒಂದೇ ಕಾಗದವೂ ಒಂದೇ. ಆಗ ಇಂಡಿ ಊರಿನಲ್ಲಿ ಹಾಳಿ ಹಚ್ಚುವ ಒಬ್ಬನಿಗೆ ತೋರುಬೆರಳಿರಲಿಲ್ಲ. ಮುದ್ದೇಬಿಹಾಳದಲ್ಲಿ ಇನ್ನೊಬ್ಬ ಅರ್ಧ ಅಂಗೈಯಲ್ಲೇ ಬೀಡಿ ಹಿಡಿದು ಸೇದುತ್ತಿದ್ದ. ಆ ಕಸುಬಿನವರಿಗೆ ಅದೇನು ದೊಡ್ಡ ಮಾತಾಗಿರಲಿಲ್ಲ.

ಅಕ್ಕಾರಿಗೆ ಮಾತ್ರ ದೊಡ್ಡ ಮಾತಾಗಿತ್ತು. ಅವರ ಗಂಡ ವಯಸ್ಸಿನಲ್ಲಿ ಸೊಲ್ಲಾಪುರದ ಒಂದು ಪ್ರೆಸ್ಸಿನಲ್ಲಿ ಹಾಳಿ ಹಚ್ಚುತ್ತಿದ್ದರಂತೆ. ಅಲ್ಲಿ ಮೋಟಾರಿನ ವೇಗ ಏರಿಸಿ ಇಳಿಸುವ ಪೆಟ್ಟಿಗೆ ದೂರದ ಗೋಡೆಯ ಮೇಲಿತ್ತು, ಅದರ ಹಿಡಿಕೆ ಕೆಲಸದ ಮೇಲ್ವಿಚಾರಕ ಮಾಸ್ತರನ ಕೈಯಲ್ಲಿ. ಕೆಲಸ ತಡವಾಯಿತೆಂದು ಒಂದು ದಿನ ಮಾಸ್ತರ ಹೇಳದೆ ಕೇಳದೆ ಹಿಡಿಕೆ ತಿರುಗಿಸಿದ. ಗಂಡನ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿದವು, ನಡುವಿನವು ಹೋದವು. ಸಿಂದಗಿಗೆ ಮರಳಿ, ಕಾಲಿನಿಂದ ತುಳಿಯುವ ಟ್ರೆಡಲ್ ಹಾಕಿ, ಹೆಂಡತಿಗೂ ಕೆಲಸ ಕಲಿಸಿ, ಕೆಲವು ವರ್ಷಗಳಲ್ಲಿ ಜ್ವರದಿಂದ ತೀರಿಹೋದರು. "ಕಟಿ ರೊಟ್ಟಿ ಮುರಿಯಾಕ ಆಗತಿರಲಿಲ್ಲೋ ತಮ್ಮಾ ಅವರಿಗೆ. ಮುರದು ತಾಟಿನಾಗ ಹಾಕ್ತಿದ್ದೆ. ಮಂದಿ ಮುಂದ ಉಣ್ಣಾಕ ಕೂಡತಿರಲಿಲ್ಲ" ಎಂದು ಅಕ್ಕಾರು ಒಮ್ಮೆ ಹೇಳಿದ್ದರು. ಹೇಳಿದವರು ತಕ್ಷಣ, "ಏನ್ ನೋಡ್ತಿ? ಮಸಿ ಒಣಗಾಕತ್ತೈತಿ" ಎಂದು ಗದರಿದರು.

ಊರಲ್ಲಿ ಕೆಲಸ ಹೆಚ್ಚಾಗಿ ಅವರೂ ಮೋಟಾರು ತರಲೇಬೇಕಾಯಿತು. ಸೊಲ್ಲಾಪುರದಿಂದ ಹಳೆಯ ಮೋಟಾರು ಬಂತು, ಜತೆಗೊಬ್ಬ ಮಿಸ್ತ್ರಿ. ಮೋಟಾರಿನ ಜೋಡಿ ಒಂದು ಕಬ್ಬಿಣದ ಪೆಟ್ಟಿಗೆ, ಅದರೊಳಗೆ ತಂತಿಯ ಸುರುಳಿಗಳು, ಮೇಲೆ ಹಿತ್ತಾಳೆಯ ಹಿಡಿಕೆ. ಹಿಡಿಕೆ ಬಲಕ್ಕೆ ತಿರುವಿದಷ್ಟೂ ಸುರುಳಿಗಳು ಒಂದೊಂದಾಗಿ ದಾರಿ ಬಿಟ್ಟು ಮೋಟಾರು ಜೋರಾಗುತ್ತಿತ್ತು. ಎಡಕ್ಕೆ ತಂದರೆ ನಿಧಾನ, ಪೂರ್ತಿ ಎಡಕ್ಕೆ ತಂದರೆ ಬಂದ್. ಮಿಸ್ತ್ರಿ ಎಲ್ಲ ಕಡೆ ಮಾಡಿದಂತೆ ಅದನ್ನು ಗೋಡೆಗೆ ಹೊಡೆಯಲು ಹೋದ. ಅಕ್ಕಾರು ಸುತ್ತಿಗೆ ಕಸಿದುಕೊಂಡರು.

"ಮಷಿನ್ ಬಾಯಾಗ ಹೋಗೂದು ಗ್ವಾಡಿ ಕೈ ಏನು? ಹಾಳಿ ಹಚ್ಚಾಂವನ ಎಡಗಡೆ ಹಚ್ಚು. ಯಾರ ಕೈ, ಅವರ ಹಿಡಿಕಿ."

"ಬಾಯಾರ, ಆಳಿನ ಕೈಯಾಗ ಸ್ಪೀಡ್ ಕೊಟ್ರ ಕೆಲಸ ಮುಗೀತೈತೇನ್ರಿ? ದಿನಾ ಪೂರ್ತಿ ಆಕಳಿಸ್ತಾನ."

"ಆಕಳಿಸ್ಲಿ. ಆಕಳಿಸಿದ್ರ ಬಾಯಿ ಮುಚ್ಕೋಳಾಕ ಕೈ ಇರ್ತೈತಲ್ಲ."

ಅದೇ ಆ ಪ್ರೆಸ್ಸಿನ ಕಾನೂನಾಯಿತು. ಹಾಳಿ ಹಚ್ಚುವವನ ಹೊರತು ಯಾರೂ ಹಿಡಿಕೆ ಮುಟ್ಟುವಂತಿಲ್ಲ. ಮಾಲಕಿಯಾದ ತಾವೂ ಮುಟ್ಟುತ್ತಿರಲಿಲ್ಲ. ನನ್ನ ವೇಗ ಹೆಚ್ಚಾಯಿತು ಎನಿಸಿದರೆ ಅವರು ದೂರ ಕೂತು ಮೊಳೆ ಜೋಡಿಸುತ್ತಲೇ ಕೇಳುತ್ತಿದ್ದರು, "ಏನ್ ಉಂಡ ಬಂದಿ, ತಮ್ಮಾ?" ನಾನು "ಉಪ್ಪಿಟ್ರಿ" ಎಂದು ತಟ್ಟನೆ ಅಂದರೆ ಸರಿ. ಉತ್ತರ ತಡವಾದರೆ, ತೊದಲಿದರೆ, "ಇಳಸು!" ಮಾತಾಡಿಕೊಂಡು ಹಾಳಿ ಹಚ್ಚಲು ಬರದಿದ್ದರೆ ವೇಗ ಹೆಚ್ಚಾದಂತೆ ಎಂಬುದು ಅವರ ಲೆಕ್ಕ. ದಿನಕ್ಕೆ ಹತ್ತಾರು ಸಲ ಅದೇ ಪ್ರಶ್ನೆ. ನಾನು ಬೇಸತ್ತು ಒಮ್ಮೆ "ನಿಮ್ಮ ತಲಿ ಉಂಡ ಬಂದೇನ್ರಿ" ಅಂದುಬಿಟ್ಟೆ. "ಉಪ್ಪ ಕಮ್ಮಿ ಇತ್ತೇನು?" ಎಂದು ನಕ್ಕರು. ಜವಾಬು ತಟ್ಟನೆ ಬಂದಿತ್ತಲ್ಲ, ಅವರಿಗೆ ಅಷ್ಟೇ ಸಾಕಾಗಿತ್ತು.

ಅವರಿಗೆ ಎಲ್ಲ ಗೊತ್ತಿತ್ತು ಎಂದು ಯಾರೂ ತಿಳಿಯಬೇಡಿ. ಯಾವಾಗಲೂ ನಿಧಾನದಲ್ಲೇ ಓಡಿಸಿದರೆ ಆ ಸುರುಳಿಗಳು ಕಾಯುತ್ತವೆ, ಆಗಾಗ ಜೋರು ಮಾಡಿರಿ ಎಂದು ಮಿಸ್ತ್ರಿ ಹೇಳಿಹೋಗಿದ್ದ. ಅಕ್ಕಾರು ಕೇಳಲಿಲ್ಲ. ಒಂದು ಬೇಸಿಗೆಯಲ್ಲಿ ಪೆಟ್ಟಿಗೆಯಿಂದ ಹೊಗೆ ಎದ್ದು ಕೋಣೆಯೆಲ್ಲ ಕಮಟು ತುಂಬಿತು. ತಪ್ಪು ತಮ್ಮದು ಅನ್ನುತ್ತಾರೆಯೇ? "ಆ ಸೊಲ್ಲಾಪುರದಾಂವ ಸುಟ್ಟ ಸಾಮಾನ ಕೊಟ್ಟಾನ" ಎಂದು ಬೀದಿಗೆಲ್ಲ ಕೇಳುವಂತೆ ಬೈದರು. ಹೇಳಿದ ದಿನಕ್ಕೆ ಕೆಲಸ ಕೊಟ್ಟದ್ದೂ ಕಡಿಮೆ. ಊರವರು ನಮ್ಮದಕ್ಕೆ ಎತ್ತಿನ ಬಂಡಿ ಪ್ರೆಸ್ ಎನ್ನುತ್ತಿದ್ದರು. ಆದರೂ ಸಿಂದಗಿಯಲ್ಲಿ ಆಗ ಮೋಟಾರಿನ ಪ್ರೆಸ್ ಅದೊಂದೇ, ಬೈದುಕೊಂಡೇ ಬರುತ್ತಿದ್ದರು.

ಇನ್ನು ಗಿರಣಿಯ ಕತೆಗೆ ಬರುತ್ತೇನೆ. ನಮ್ಮ ಎದುರಿಗೇ ಹಿಟ್ಟಿನ ಗಿರಣಿ ಇತ್ತು. ಇಬ್ಬರದೂ ಒಂದೇ ಕರೆಂಟಿನ ಲೈನು. ಗಿರಣಿಯ ದೊಡ್ಡ ಮೋಟಾರು ತಿರುಗುತ್ತಿದ್ದಾಗ ನಮ್ಮ ತಲೆಯ ಮೇಲಿನ ಬಲ್ಬು ಕೆಂಪಗೆ ಮಂಕಾಗುತ್ತಿತ್ತು, ನಮ್ಮ ಮೋಟಾರಿಗೆ ಜೀವವೇ ಇರುತ್ತಿರಲಿಲ್ಲ. ಹಿಡಿಕೆಯನ್ನು ಬಹಳ ಬಲಕ್ಕೆ ತಿರುವಿದರೆ ಮಾತ್ರ ಮಷಿನ್ ಅಲುಗುತ್ತಿತ್ತು. ಗಿರಣಿ ಒಮ್ಮೆಲೇ ನಿಂತಿತೋ, ಬಲ್ಬು ಬೆಳ್ಳಗೆ ಉರಿದು, ತಿರುವಿಟ್ಟ ಹಿಡಿಕೆಗೆ ತುಂಬ ಕರೆಂಟು ನುಗ್ಗಿ, ಮಷಿನ್ ಹುಚ್ಚು ಹಿಡಿದಂತೆ ಓಡುತ್ತಿತ್ತು. ಆ ಗಳಿಗೆಯಲ್ಲಿ ಕೈ ಒಳಗಿದ್ದರೆ ಮುಗಿಯಿತು. ನಮ್ಮ ಮಷಿನ್ನಿನ ಗದ್ದಲದಲ್ಲಿ ಗಿರಣಿ ನಿಂತದ್ದು ಕಿವಿಗೆ ಬೀಳುತ್ತಲೂ ಇರಲಿಲ್ಲ.

ಇದಕ್ಕೆ ಅಕ್ಕಾರೂ ಗಿರಣಿ ಸಾಹುಕಾರರೂ ಕೂಡಿ ಒಂದು ಪದ್ಧತಿ ಮಾಡಿಕೊಂಡಿದ್ದರು. ಗಿರಣಿ ನಡೆಸುವ ಮಲ್ಲಪ್ಪ, ನಿಲ್ಲಿಸುವ ಮುಂಚೆ ಬಾಗಿಲಿಗೆ ಬಂದು ಎಣ್ಣೆಯ ಖಾಲಿ ಡಬ್ಬಿಯನ್ನು ಕೋಲಿನಿಂದ ಬಡಿಯಬೇಕು. ಆ ಸಪ್ಪಳ ಕೇಳಿದೊಡನೆ ನಾನು ಬಲಗೈ ಎದೆಗೆ ತಂದು, ಎಡಗೈಯಿಂದ ಹಿಡಿಕೆ ಇಳಿಸಬೇಕು. ಇಳಿಸಿ "ಹೂಂ" ಎಂದು ಕೂಗಿದ ಮೇಲೆ ಅವನು ನಿಲ್ಲಿಸುತ್ತಿದ್ದ. ಸಾಹುಕಾರರು ಅಕ್ಕಾರಿಗಿಂತ ಹಿರಿಯರು, ಅವರನ್ನು ತಂಗಿ ಎನ್ನುತ್ತಿದ್ದರು. ಅಕ್ಕಾರು ಅವರಿಗೆ ಅಣ್ಣಾರ ಎನ್ನುತ್ತಿದ್ದರು. ನಾಗರಪಂಚಮಿಗೆ ಉಂಡಿ ಕಳಿಸಿಕೊಡುವಷ್ಟು ಬಳಕೆ ಎರಡೂ ಮನೆಗೆ.

ಆ ಬಳಕೆಗೆ ಮುಳ್ಳಾದದ್ದು ಪುರಸಭೆಯ ಇಲೆಕ್ಷನ್ನು. ಸಾಹುಕಾರರು ನಿಂತರು. ಅವರ ಎದುರು ಬಸ್‌ಸ್ಟ್ಯಾಂಡಿನ ಹತ್ತಿರದ ಸೈಕಲ್ ಅಂಗಡಿಯವನು ನಿಂತ. ಇಬ್ಬರೂ ಹ್ಯಾಂಡ್‌ಬಿಲ್ಲಿಗೆ ಅಕ್ಕಾರ ಹತ್ತಿರ ಬಂದರು. ಸಾಹುಕಾರರದು ಮೊದಲು ಹಾಕಿಕೊಟ್ಟೆವು. ಒಯ್ಯುವಾಗ ಅವರು ಹೊಸ್ತಿಲಲ್ಲಿ ನಿಂತು, "ತಂಗಿ, ಅವನದು ನೀ ಹಾಕಬ್ಯಾಡ" ಎಂದರು.

"ಯಾಕ್ರಿ ಅಣ್ಣಾರ?"

"ಯಾಕಂದ್ರ? ನನ್ನ ಮನಿ ಮುಂದ ಕುಂತು ನನ್ನ ವಿರುದ್ಧ ಹೊಡೀತಿಯೇನು?"

"ನಿಮ್ಮದೂ ಹಾಕೇನಿ, ಅವನದೂ ಹಾಕ್ತೇನಿ. ನೀವು ಜ್ವಾಳ ಬೀಸೂಮುಂದ ಯಾರದು ಅಂತ ಕೇಳ್ತೀರೇನು?"

ಸಾಹುಕಾರರ ಮುಖ ಕೆಂಪಾಯಿತು. ಹೊರಗೆ ನಾಲ್ಕು ಮಂದಿ ನಿಂತು ಕೇಳುತ್ತಿದ್ದರು, ಅದೇ ಅವರಿಗೆ ಹೆಚ್ಚು ಚುಚ್ಚಿತೆಂದು ಕಾಣುತ್ತದೆ. "ಆತು. ನಿಂದು ನೀ ನೋಡ್ಕೋ, ನಂದು ನಾ ನೋಡ್ಕೋತೇನಿ. ಇನ್ನ ಮ್ಯಾಲೆ ನಮ್ಮ ಡಬ್ಬಿ ಬಡಿಯಂಗಿಲ್ಲ" ಎಂದು ಧೋತರದ ಚುಂಗು ಹಿಡಿದು ಹೊರಟೇ ಹೋದರು. ಸಿಟ್ಟಿನ ಮಾತು, ಸಂಜೆಗೆ ಇಳಿಯುತ್ತದೆ ಎಂದುಕೊಂಡೆವು.

ಇಳಿಯಲಿಲ್ಲ. ಮರುದಿನ ಸೈಕಲ್ ಅಂಗಡಿಯವನ ಹ್ಯಾಂಡ್‌ಬಿಲ್ಲು ಹಚ್ಚುತ್ತಿದ್ದೆ. ಒಮ್ಮೆಲೇ ಬಲ್ಬು ಬೆಳ್ಳಗಾಯಿತು. ಕಣ್ಣು ಮೇಲೆ ಹೋಗುವಷ್ಟರಲ್ಲಿ ಮಷಿನ್ ಬಾಯಿ ಮುಚ್ಚಿತು. ನನ್ನ ಅಂಗಿಯ ತೋಳು ಒಳಗಿತ್ತು, ಕೈ ಹೊರಗಿತ್ತು. ಹೇಗೆ ಹೊರಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ತೋಳು ಪರ್ರನೆ ಹರಿಯಿತು. ಹಿಡಿಕೆ ಎಡಕ್ಕೆ ಎಳೆದು ಅಲ್ಲೇ ಕುಸಿದೆ. ಅಕ್ಕಾರು ಓಡಿ ಬಂದು ನನ್ನ ಕೈ ಹಿಡಿದು ಒಂದೊಂದೇ ಬೆರಳು ಒತ್ತಿ ನೋಡಿದರು. ಮುಗಿಸಿ ಮತ್ತೆ ಮೊದಲಿನಿಂದ ಒತ್ತಿದರು. ಅವರನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ.

ಹೊರಗೆ ಮಲ್ಲಪ್ಪ ತಲೆ ತಗ್ಗಿಸಿ ನಿಂತಿದ್ದ. "ಬಡಿಬ್ಯಾಡ ಅಂದಾರ್ರಿ ಸಾವಕಾರ್ರು. ಬಡದ್ರ ಮನಿಗೆ ಹೋಗು ಅಂದಾರ" ಎಂದ. ನನಗೆ ರಕ್ತ ಕುದಿಯಿತು. ಗಿರಣಿಗೆ ನುಗ್ಗಿ ಸಾಹುಕಾರರ ಕೊರಳಪಟ್ಟಿ ಹಿಡಿಯಲು ಹೊರಟೆ. ಅಕ್ಕಾರು ಬಾಗಿಲಿಗೆ ಅಡ್ಡ ನಿಂತರು. "ಕೈ ಉಳದಾವಂತ ಬಡದಾಡಾಕ ಹೊಂಟಿಯೇನು? ಕುಂಡ್ರು." ನನ್ನ ಹೆಂಡತಿಯೂ ಆ ಸಂಜೆ ಹರಿದ ತೋಳು ನೋಡಿ, "ಊರಿಗೆ ಹೋಗೂಣ ನಡೀರಿ. ಬ್ಯಾಡ ಈ ಕೆಲಸ" ಎಂದು ಅತ್ತಳು.

ಕಾಲಿನಿಂದ ತುಳಿಯೋಣವೆಂದರೆ ಆ ಪಾವಟಿಗೆಯನ್ನು ಮೋಟಾರು ಬಂದ ದಿನವೇ ಕಿತ್ತು ಹಿತ್ತಲಿಗೆ ಎಸೆದಿದ್ದೆವು, ತುಕ್ಕು ತಿಂದು ಮುರಿದಿತ್ತು. ಗಿರಣಿ ಮುಚ್ಚಿದ ಮೇಲೆ ಕೆಲಸ ಮಾಡೋಣವೆಂದರೆ ಸಂಜೆಗೆ ಕರೆಂಟೇ ಇರುತ್ತಿರಲಿಲ್ಲ. ಇಲೆಕ್ಷನ್ನು ಹತ್ತಿರ ಬಂದಿತ್ತು. ಕೆಲಸ ಬಿಟ್ಟುಬಿಡಿರಿ ಎಂದೆ ನಾನು. ಅಕ್ಕಾರು ನನ್ನನ್ನು ದುರುಗುಟ್ಟಿ ನೋಡಿದರು. "ಹಾಕ್ತೇನಿ ಅಂತ ಮಾತು ಕೊಟ್ಟೇನಿ. ಸಾವಕಾರ್ರು ಹೇಳಿದ್ದಕ್ಕ ಬಿಟ್ರ ನಾಳಿ ಇನ್ನೊಬ್ಬಾಂವ ಬಂದು ಇನ್ನೊಂದು ಬಿಡು ಅಂತಾನ. ನಾಳಿಂದ ನೀ ಹಾಳಿ ಹಚ್ಚಬ್ಯಾಡ. ನಾ ಹಚ್ತೇನಿ."

ಮರುದಿನದಿಂದ ಅವರೇ ಮಷಿನ್ ಮುಂದೆ ನಿಂತರು. ನನಗೆ ಕೊಟ್ಟ ಕೆಲಸ ಬಾಗಿಲಲ್ಲಿ ನಿಂತು ಗಿರಣಿಯೊಳಗೆ ಕಣ್ಣಿಡುವುದು. ಮಲ್ಲಪ್ಪ ಸ್ವಿಚ್ಚಿನ ಕಡೆ ಹೆಜ್ಜೆ ಇಟ್ಟರೆ ನಾನು ಒದರಬೇಕು. ಆದರೆ ಹಿಟ್ಟಿನ ಧೂಳಿನಲ್ಲಿ ಏನು ಕಾಣುತ್ತಿತ್ತು, ಬೀಸಿಸಲು ಬಂದ ಹೆಂಗಸರು ನಡುವೆ ಅಡ್ಡಾಡುತ್ತಿದ್ದರು. ಎರಡು ಸಲ ನಾನು ಒದರುವ ಮೊದಲೇ ಬಲ್ಬು ಬೆಳ್ಳಗಾಯಿತು. ಎರಡು ಸಲವೂ ನಾನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ, "ಅಕ್ಕಾರ?" ಎಂದು ಕೂಗಿ ಉತ್ತರಕ್ಕೆ ಕಾದೆ. "ಇದ್ದೇನಿ ತಮ್ಮಾ, ಇನ್ನೂ ಇದ್ದೇನಿ" ಎಂಬ ಉತ್ತರ ಬಂದ ಮೇಲೆ ಉಸಿರು ಬಿಟ್ಟೆ. ವಾರ ಕಳೆಯುವುದರೊಳಗೆ ನನಗೆ ಊಟ ಸೇರದಂತಾಯಿತು. ಅವರಿಗೆ ಏನಾಗುತ್ತಿತ್ತೋ, ಹೇಳಲಿಲ್ಲ. ಸಾಹುಕಾರರನ್ನು ಅಣ್ಣಾರ ಅನ್ನುವುದನ್ನು ಮಾತ್ರ ಬಿಟ್ಟರು.

ಒಂದು ಮಧ್ಯಾಹ್ನ ಸಾಹುಕಾರರು ತಾವಾಗಿಯೇ ಬಂದರು. ಮನೆಯಲ್ಲಿ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಪ್ರಚಾರದ ಐದಾರು ಮಂದಿಯನ್ನು ಹಿಂದೆ ಕಟ್ಟಿಕೊಂಡು ಬಂದಿದ್ದರು. ಅವರ ಮಂದಿ ಬೀದಿಯಲ್ಲಿ ನಿಂತರು, ದಾರಿಹೋಕರೂ ಸೇರಿದರು. ಸಾಹುಕಾರರು ಒಳಗೆ ಬಂದು ಅಚ್ಚಾಗಿ ಬಿದ್ದ ಹಾಳೆಯೊಂದನ್ನು ಎತ್ತಿ ನೋಡಿ, "ಇನ್ನೂ ಮುಗೀಲಿಲ್ಲೇನು ಅವನ ಸೇವಾ?" ಎಂದು ನಕ್ಕರು.

ಅಕ್ಕಾರು ಹಿಡಿಕೆ ಇಳಿಸಿ ಮಷಿನ್ ನಿಲ್ಲಿಸಿದರು. ನನ್ನನ್ನು ಕರೆದರು. "ನೀ ಆ ಗ್ವಾಡಿಗೆ ಆತು ನಿಂದ್ರು. ಏನಾದ್ರೂ ಆಗಲಿ, ಅಲ್ಲಿಂದ ಕಾಲು ಕೀಳಬ್ಯಾಡ. ನಮ್ಮ ಮನಿಯವರ ಆಣಿ ಐತಿ." ನಾನು ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತೆ. ಆಮೇಲೆ ಅವರು ಸಾಹುಕಾರರ ಕಡೆ ತಿರುಗಿದರು.

"ಬರ್ರಿ ಇಲ್ಲಿ. ಇದನ್ನ ಹಿಡೀರಿ."

"ಏನಿದು?"

"ಹಿಡಿಕಿ. ಬಲಕ್ಕ ತಿರುವಿದ್ರ ಜೋರು, ಎಡಕ್ಕ ತಿರುವಿದ್ರ ನಿಧಾನ."

"ನನಗ್ಯಾಕ ಇದು? ನಾ ಜ್ವಾಳ ಬೀಸಾಂವ."

"ವಾರದಿಂದ ನನ್ನ ಮಷಿನ್ ನೀವ ನಡಸಾಕತ್ತೀರಿ, ಸಾವಕಾರ್ರ. ಆಚೆ ಕಡೆ ನಿಂತು, ಕಾಣದಂಗ ನಡಸ್ತೀರಿ. ಇವತ್ತ ಹತ್ರ ನಿಂತು ನಡಸ್ರಿ. ನನ್ನ ಕೈ ಎಲ್ಲಿ ಹೋಗ್ತಾವ ನೋಡ್ಕೋತ ನಡಸ್ರಿ."

ಸಾಹುಕಾರರು ಬೀದಿಯ ಕಡೆ ನೋಡಿದರು. ಮಂದಿ ಬಾಗಿಲಿಗೆ ಒತ್ತಿ ನಿಂತಿತ್ತು. ಅವರು ಹುಸಿನಗೆ ನಕ್ಕು ಹಿಡಿಕೆ ಹಿಡಿದರು. ಅಕ್ಕಾರು ಅವರ ಕೈಯ ಮೇಲೆ ತಮ್ಮ ಕೈಯಿಟ್ಟು ಬಲಕ್ಕೆ ತಿರುವಿ, ಮಂಕು ಬಲ್ಬಿನ ಕೆಳಗೆ ಮಷಿನ್ ತಕ್ಕ ವೇಗಕ್ಕೆ ಬಂದ ಮೇಲೆ ಕೈ ತೆಗೆದರು. ಹಾಳಿ ಹಚ್ಚಲು ಸುರುಮಾಡಿದರು. ಬಲಗೈ ಒಳಗೆ, ಹೊರಗೆ. ಎಡಗೈ ಒಳಗೆ, ಹೊರಗೆ.

ಮಲ್ಲಪ್ಪ ಗಿರಣಿ ನಿಲ್ಲಿಸಿ ಊಟಕ್ಕೆ ಏಳುವ ಹೊತ್ತು ಅದು. ಅದು ನನಗೆ ಗೊತ್ತಿತ್ತು, ಅಕ್ಕಾರಿಗೂ ಗೊತ್ತಿತ್ತು. ಸಾಹುಕಾರರಿಗೂ ನೆನಪಾಯಿತು. ಅವರ ಮುಖದ ಬಣ್ಣ ಬದಲಾದದ್ದನ್ನು ನಾನು ನೋಡಿದೆ.

"ತಂಗಿ, ನಿಲ್ಲಸ್ತೇನಿ ಇದನ್ನ."

"ನಿಲ್ಲಸ್ರಿ. ನಿಮ್ಮ ಕೈಯಾಗ ಐತಿ. ಹೊರಗ ನಿಂತ ಮಂದಿ ಏನಂತಾರ? ಸಾವಕಾರ್ರು ಒಳಗ ಹೊಕ್ಕು ಗಂಡ ಇಲ್ಲದಾಕಿ ಮಷಿನ್ ನಿಲ್ಲಿಸಿದ್ರು ಅಂತಾರ. ನಿಲ್ಲಸ್ರಿ ಬೇಕಾದ್ರ."

ಅವರು ನಿಲ್ಲಿಸಲಿಲ್ಲ. ನಿಲ್ಲಿಸುವಂತಿರಲಿಲ್ಲ. ಬಿಟ್ಟು ಹೋಗುವಂತೆಯೂ ಇರಲಿಲ್ಲ. ಬಾಗಿಲ ಕಡೆ ಮುಖಮಾಡಿ, "ಏ ಮಲ್ಲ್ಯಾ! ಬಂದ್ ಮಾಡಬ್ಯಾಡಲೇ!" ಎಂದು ಒದರಿದರು. ಮಷಿನ್ ಮತ್ತು ಗಿರಣಿಯ ಸಪ್ಪಳದಲ್ಲಿ ಆ ಕೂಗು ನಮ್ಮ ಹೊಸ್ತಿಲನ್ನೂ ದಾಟಲಿಲ್ಲ. ಬಾಗಿಲಲ್ಲಿದ್ದವರು ಏನೂ ತಿಳಿಯದೆ ನಗುತ್ತಿದ್ದರು. ಸಾಹುಕಾರರು ನನ್ನ ಕಡೆ ನೋಡಿದರು. ನನ್ನ ಕಾಲು ಎದ್ದಿತ್ತು. ಅಕ್ಕಾರು ತಿರುಗಿ ನೋಡದೆಯೇ, "ತಮ್ಮಾ, ಆಣಿ" ಎಂದರು.

ನಾನು ಗೋಡೆಗೆ ಬೆನ್ನು ಒತ್ತಿದೆ. ನನಗೆ ಬರುವ ದೇವರ ಹೆಸರೆಲ್ಲ ಮುಗಿದವು. ಸಾಹುಕಾರರು ಎರಡೂ ಕೈಯಲ್ಲಿ ಹಿಡಿಕೆ ಅವುಚಿ ಹಿಡಿದಿದ್ದರು, ಬೆವರು ಗಲ್ಲದಿಂದ ಇಳಿದು ಅಂಗಿಯ ಮೇಲೆ ಬೀಳುತ್ತಿತ್ತು, ಕಣ್ಣು ಮಾತ್ರ ಅಕ್ಕಾರ ಬೆರಳು ಬಿಟ್ಟು ಕದಲುತ್ತಿರಲಿಲ್ಲ. ಅಕ್ಕಾರು ಹಾಳಿ ಹಚ್ಚುತ್ತಲೇ, ನನ್ನನ್ನು ದಿನಾ ಕೇಳುತ್ತಿದ್ದ ದನಿಯಲ್ಲಿ, ಕೇಳಿದರು:

"ಏನ್ ಉಂಡ ಬಂದೀರಿ, ಅಣ್ಣಾರ?"

ಸಾಹುಕಾರರ ತುಟಿ ಅಲುಗಿತು. ಮಾತು ಬರಲಿಲ್ಲ.

"ಹೇಳ್ರಿ. ಏನ್ ಉಂಡ ಬಂದೀರಿ?"

ಬಲ್ಬು ಬೆಳ್ಳಗಾಯಿತು. ಮಷಿನ್ ನೆಗೆಯಿತು. ಅಕ್ಕಾರ ಬಲಗೈ ಹಾಳೆಯೊಡನೆ ಒಳಗಿತ್ತು. ಸಾಹುಕಾರರು "ಅಯ್ಯೋ ತಂಗೀ!" ಎಂದು ಚೀರಿ ಮೈಯೆಲ್ಲ ಭಾರ ಹಾಕಿ ಹಿಡಿಕೆಯನ್ನು ಎಡಕ್ಕೆ ಎಳೆದರು. ಮಷಿನ್ ನರಳಿ, ನಿಧಾನವಾಗಿ, ಬಾಯಿ ಅರ್ಧ ಮುಚ್ಚಿದಲ್ಲಿ ನಿಂತಿತು. ಅಕ್ಕಾರು ಕೈ ಹೊರಗೆ ತಂದರು, ಸಾಹುಕಾರರ ಮುಖದ ಮುಂದೆ ಹಿಡಿದು, ಬೆರಳು ಒಂದೊಂದಾಗಿ ಮಡಿಚಿ ಬಿಚ್ಚಿ ತೋರಿಸಿದರು. ಮಸಿ ಬಿಟ್ಟರೆ ಏನೂ ಆಗಿರಲಿಲ್ಲ.

ಸಾಹುಕಾರರು ಕಾಗದದ ಗಂಟಿನ ಮೇಲೆ ಕೂತುಬಿಟ್ಟರು. ಕೈ ಹಿಡಿಕೆಯನ್ನು ಬಿಟ್ಟಿರಲಿಲ್ಲ, ನಾನೇ ಹೋಗಿ ಬಿಡಿಸಿದೆ. ಅಷ್ಟು ತಣ್ಣಗಿದ್ದವು ಆ ಬೆರಳು. ನೀರು ಕೊಟ್ಟರೆ ಕುಡಿಯಲಿಲ್ಲ. ಮಂದಿಯನ್ನು ಸರಿಸಿಕೊಂಡು ಬೀದಿ ದಾಟಿ ಗಿರಣಿಗೆ ಹೋದರು. ಊಟದ ಹೊತ್ತು ಮುಗಿದು ಗಿರಣಿ ಮತ್ತೆ ಸುರುವಾಯಿತು. ಸಂಜೆ ನಿಲ್ಲಿಸುವ ಮುಂಚೆ ಡಬ್ಬಿ ಬಡಿಯಿತು. ಬಾಗಿಲಿಗೆ ಹೋಗಿ ನೋಡಿದೆ. ಬಡಿಯುತ್ತಿದ್ದವರು ಮಲ್ಲಪ್ಪನಲ್ಲ, ಸಾಹುಕಾರರೇ.

ಆ ಇಲೆಕ್ಷನ್ನಿನಲ್ಲಿ ಅವರು ಸೋತರು. ಸೈಕಲ್ ಅಂಗಡಿಯವನ ಮೆರವಣಿಗೆ ನಮ್ಮ ಬೀದಿಯಲ್ಲೇ ಹೋಯಿತು, ನಾವು ಅಚ್ಚು ಹಾಕಿದ ಕಾಗದಗಳನ್ನೇ ಹಾರಿಸಿದರು. ಮರುದಿನ ನಾನು ಕಿವಿ ನಿಗುರಿಸಿಕೊಂಡು ಹಾಳಿ ಹಚ್ಚುತ್ತಿದ್ದೆ, ಇವತ್ತೇ ನೋಡಬೇಕು ಇವರ ಮನಸ್ಸನ್ನ ಎಂದು. ಡಬ್ಬಿ ಬಡಿಯಿತು. ಆ ಪ್ರೆಸ್ಸಿನಲ್ಲಿ ನಾನು ಇದ್ದಷ್ಟು ದಿನವೂ ಬಡಿಯಿತು. ಪಂಚಮಿಗೆ ಉಂಡಿಯೂ ಬಂದವು.

ಬಹಳ ದಿನಗಳ ಮೇಲೆ ನಾನು ಅಕ್ಕಾರನ್ನು ಕೇಳಿದೆ, "ಅವತ್ತ ಅಂಜಿಕಿ ಬರಲಿಲ್ಲೇನ್ರಿ? ಸಾವಕಾರ್ರು ಸಿಟ್ಟಿಗೆ ಬಂದು ಬಲಕ್ಕ ತಿರುವಿದ್ರ ಏನ್ ಮಾಡ್ತಿದ್ರಿ?"

"ಅವರಿಗೆ ಅಂಜಲಿಲ್ಲ. ಯಾವಾಂವಾದ್ರೂ ಇರಲಿ, ಕೈ ಕಣ್ಣಿಗೆ ಕಂಡ್ರ ಎಡಕ್ಕ ತಿರುವ್ತಾನ. ಕಾಣದಿದ್ದಾಗ ನೋಡು ಬಲಕ್ಕ ತಿರುವೂದು. ನಾ ಅಂಜಿದ್ದು ನಿನಗ."

"ನನಗ?"

"ಹೂಂ ಮತ್ತ. ನೀ ಓಡಿಬಂದು ಹಿಡಿಕಿ ಕಸಗೊಂಡಿದ್ರ, ನೀವಿಬ್ರೂ ಜಗ್ಗಾಡಿ ನನ್ನ ಕೈ ತಗೀತಿದ್ರಿ. ಅದಕ್ಕ ಆಣಿ ಹಾಕಿದ್ದೆ."

ನನಗೆ ಸಿಟ್ಟೂ ಬಂತು, ನಗುವೂ ಬಂತು. ಒಂದು ಮಾತು ಮಾತ್ರ ಅವರು ಬಿಡಲಿಲ್ಲ. ಸಾಹುಕಾರರು ಬೀದಿಯಲ್ಲಿ ಸಿಕ್ಕಾಗಲೆಲ್ಲ, "ಅಣ್ಣಾರ, ಏನ್ ಉಂಡ ಬಂದಿದ್ರಿ ಅಂತ ಇನ್ನೂ ಹೇಳಲಿಲ್ಲ ನೀವು" ಎಂದು ಕಾಡುತ್ತಿದ್ದರು. ಉಳಿದದ್ದಕ್ಕೆಲ್ಲ ನಗುತ್ತಿದ್ದ ಸಾಹುಕಾರರು ಈ ಮಾತಿಗೆ ಮಾತ್ರ ಮುಖ ತಿರುಗಿಸಿ ನಡೆದುಬಿಡುತ್ತಿದ್ದರು.

ಮುಂದೆ ನಾನು ಬಾಗೇವಾಡಿಯಲ್ಲಿ ಸ್ವಂತ ಪ್ರೆಸ್ ಹಾಕಿದೆ. ಅಕ್ಕಾರು ಒಮ್ಮೆ ನೋಡಲು ಬಂದರು. ಚಹಾ ಆರುತ್ತಿದ್ದರೂ ಮುಟ್ಟದೆ, ನನ್ನಲ್ಲಿ ಹಾಳಿ ಹಚ್ಚುವವನ ಕೈ ಹಿಡಿದು ನೋಡಿ, ಅವನ ಎಡಗಡೆ ಹಿಡಿಕೆ ಇರುವುದನ್ನು ಕಂಡು ಆಮೇಲೆ ಬಟ್ಟಲು ಎತ್ತಿದರು. "ಚಹಾ ಪಾಣಕ ಆಗೇತಿ" ಎಂದು ಬೈದೇ ಕುಡಿದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರೂ ಕೊಟ್ಟಿಲ್ಲ.

ಸಿಂದಗಿಗೆ ಮಣ್ಣಿಗೆ ಹೋದಾಗ, ಲಿಂಗವಂತರ ರೂಢಿಯಂತೆ ಅಕ್ಕಾರನ್ನು ಕೂಡ್ರಿಸಿದ್ದರು. ಎರಡೂ ಕೈ ತೊಡೆಯ ಮೇಲೆ, ವಿಭೂತಿ ಹಚ್ಚಿ. ಎಷ್ಟು ತೊಳೆದರೂ ಉಗುರ ಸಂದಿಯ ಮಸಿ ಹೋಗಿರಲಿಲ್ಲ. ಬಂದವರು ಮುಖ ನೋಡಿ ಕೈ ಮುಗಿದರು, ನಾನು ಕೈ ನೋಡಿ ಮುಗಿದೆ. ಅವರ ಹೊಲದಲ್ಲಿ ಕುಣಿ ತೋಡಿದ್ದರು. ಒಳಗೆ ಇಳಿಸಿ ಎಲ್ಲರೂ ಬಿಲ್ವಪತ್ರಿ ಹಾಕುವಾಗ ಜನ ಸರಿದು ದಾರಿ ಬಿಟ್ಟರು. ಗಿರಣಿ ಸಾಹುಕಾರರು ಬರುತ್ತಿದ್ದರು. ಹಣ್ಣುಹಣ್ಣು ಮುದುಕರಾಗಿದ್ದಾರೆ, ಮೊಮ್ಮಗ ರಟ್ಟೆ ಹಿಡಿದು ನಡೆಸುತ್ತಿದ್ದ. ನಾನು ಇನ್ನೊಂದು ಬದಿಗೆ ಹೋಗಿ ಹಿಡಿದೆ. ಅವರು ಪತ್ರಿ ಹಾಕಿದರು. ಹಿಂದೆ ಸರಿಯಲಿಲ್ಲ.

"ಸಾಕು ಬಾ ಅಜ್ಜಾ" ಎಂದ ಮೊಮ್ಮಗ.

ಅವರು ಕೇಳಿಸಿಕೊಳ್ಳಲಿಲ್ಲ. ಕುಣಿಯ ಅಂಚಿನಲ್ಲಿ ಬಾಗಿದರು. ನನಗೂ ಮೊಮ್ಮಗನಿಗೂ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದರು:

"ರೊಟ್ಟಿ, ಪುಂಡಿಪಲ್ಯ ಉಂಡ ಬಂದಿದ್ದೆ, ತಂಗಿ."